ಬದು ಒತ್ತಿದರೆ ಪಬ್ಬಿನಲ್ಲಿ ಪಂಚಾಯಿತಿ

ನಾಟಿಂಗ್‌ಹ್ಯಾಮ್‌ನಲ್ಲಿ ಮಗಳ ಮನೆಯಲ್ಲಿ ಹತ್ತು ದಿನ ಇದ್ದೆ. ಮನಸ್ಸಿನಲ್ಲಿ ಉಳಿದದ್ದು ಲ್ಯಾಕ್ಸ್‌ಟನ್ ಎಂಬ ಹಳ್ಳಿ ಒಂದೇ.

ಊರೆಂದರೆ ಒಂದು ಚರ್ಚು, ಒಂದು ಪಬ್ಬು, ಕೆಂಪು ಇಟ್ಟಿಗೆಯ ರೈತರ ಮನೆಗಳು. ಕೋಟೆ ಇದೆ ಅಂದರು. ಹೋಗಿ ನೋಡಿದರೆ ಹುಲ್ಲು ಬೆಳೆದ ಮಣ್ಣಿನ ದಿಬ್ಬ. ಚಿತ್ರದುರ್ಗ ಹತ್ತಿದವರು ಅಷ್ಟು ದೂರ ನಡೆಯೋದು ಬೇಡ.

ನೋಡಬೇಕಾದದ್ದು ಹೊಲ. ಇಂಗ್ಲೆಂಡಿನ ಬಹುತೇಕ ಊರುಗಳಲ್ಲಿ ಇಂಥ ಬಯಲುಗಳಿಗೆ ಯಾವತ್ತೋ ಬೇಲಿ ಬಿತ್ತು. ಇಲ್ಲಿ ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಅಂತ ಮೂರು ಬಯಲು ಹಾಗೇ ಉಳಿದಿವೆ. ರೈತರ ಜಮೀನು ಉದ್ದುದ್ದ ಪಟ್ಟಿಗಳಾಗಿ ಅಲ್ಲಲ್ಲಿ ಹಂಚಿಹೋಗಿದೆ. ಒಂದು ವರ್ಷ ಗೋಧಿ, ಮರುವರ್ಷ ಬೇರೆ ಬೆಳೆ, ಮೂರನೇ ವರ್ಷ ಬೀಳು. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಸರ್ವೆಯರ್ ಈ ಪಟ್ಟಿಗಳನ್ನೆಲ್ಲ ನಕ್ಷೆಗೆ ಇಳಿಸಿದ್ದಾನೆ. ಉಳುವವರು, ಕೊಯ್ಯುವವರು ಕೂಡ ಅದರಲ್ಲಿದ್ದಾರೆ!

ನಾಯಿ ಹಿಡಿದು ಬರುತ್ತಿದ್ದ ಒಬ್ಬ ಮುದುಕರು ಮಾತಿಗೆ ಸಿಕ್ಕರು. ಅಲ್ಲಿನ ರೈತರೇ. ‘ನಡುವೆ ಬೇಲಿ ಇಲ್ಲವಲ್ಲ, ಪಕ್ಕದವನು ಒಂದು ಸಾಲು ಜಾಸ್ತಿ ಉತ್ತರೆ?’ ಅಂದೆ. ಅವರಿಗೆ ನಗು. ಅದಕ್ಕೇ ಕೋರ್ಟ್ ಲೀಟ್ ಇದೆ ಅಂದರು. ಅಂದರೆ ಮೇನರ್ ಎಂಬ ಹಳೇ ಜಮೀನ್ದಾರಿಯ ಕಾಲದಿಂದ ಬಂದ ನ್ಯಾಯಸಭೆ. ನವೆಂಬರ್ ಕೊನೆಗೆ ಊರಿನ ರೈತರ ಜ್ಯೂರಿ ಗೋಧಿ ಬಿತ್ತಿದ ಬಯಲಿಗೆ ಹೋಗುತ್ತದೆ. ಗಡಿಗೆ ಗೂಟ ಹೊಡೆಯುತ್ತಾರೆ. ಹುಲ್ಲುದಾರಿಯನ್ನು ಯಾರಾದರೂ ಉತ್ತಿದ್ದರೆ ಬರೆದುಕೊಳ್ಳುತ್ತಾರೆ. ಒಂದು ವಾರ ಬಿಟ್ಟು ಡವ್‌ಕೋಟ್ ಪಬ್ಬಿನಲ್ಲಿ ಸಭೆ. ದಂಡ ಕೆಲವೇ ಪೌಂಡು.

‘ಅಷ್ಟೇನಾ?’

‘ಹೆಸರು ಎಲ್ಲರ ಮುಂದೆ ಓದ್ತಾರಲ್ಲ’ ಅಂದರು.

ನಮ್ಮಪ್ಪ, ದೊಡ್ಡಪ್ಪ ಒಂದು ಮೊಳ ಬದುವಿಗಾಗಿ ಹನ್ನೊಂದು ವರ್ಷ ತಾಲೂಕು ಕೋರ್ಟಿಗೆ ಅಲೆದದ್ದನ್ನು ಹೇಳಿದೆ. ಯಾರು ಗೆದ್ದರು ಅಂತ ಕೇಳಿದರು. ಇಬ್ಬರೂ ಮಾರಿದರು, ಈಗ ಅಲ್ಲಿ ಸೈಟುಗಳು ಅಂದೆ. ನಾಯಿಯೂ ಅವಸರ ಮಾಡಲಿಲ್ಲ. ಗೇಟಿನ ಹತ್ತಿರ ಅರ್ಧ ಗಂಟೆ ನಿಂತೇ ಇದ್ದೆವು.

ಒಡೆಯರ ಕಥೆಯನ್ನೂ ಅವರೇ ಹೇಳಿದರು. ಪಿಯರ್‌ಪಾಂಟ್ ಮನೆತನದ ಅರ್ಲ್ ಮ್ಯಾನ್ವರ್ಸ್ 1952ರಲ್ಲಿ ಊರನ್ನು ಕೃಷಿ ಇಲಾಖೆಗೆ ಮಾರಿದರು. 1981ರಲ್ಲಿ ಅದು ರಾಜಗದ್ದುಗೆಯ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು. 2020ರಲ್ಲಿ ಮತ್ತೆ ಹಳೇ ಮನೆತನದ ಥೋರ್ಸ್‌ಬಿ ಎಸ್ಟೇಟಿಗೇ ಬಂತು. ಅದಕ್ಕೂ ಹಿಂದಿನ ಒಡೆಯರು ಎವರಿಂಗ್‌ಹ್ಯಾಮ್‌ಗಳು, ಚರ್ಚಿನಲ್ಲಿ ಕಲ್ಲಿನ ಮೂರ್ತಿಗಳಾಗಿ ಮಲಗಿದ್ದಾರೆ. ಒಬ್ಬಾಕೆ ಮಾತ್ರ ಓಕ್ ಮರದಲ್ಲಿ. ಉಳಿದವರಿಗಿಂತ ಆಕೆಯೇ ನನಗೆ ಇಷ್ಟವಾದದ್ದು.

ಹೋಗುವವರಿಗೆ ಒಂದೇ ಮಾತು. ಫೋನು ತೋರಿಸುವ ಬಸ್ಸಿನ ಹೊತ್ತು ನಂಬಬೇಡಿ. ಸಂಜೆ ಚಳಿಯಲ್ಲಿ ಮುಕ್ಕಾಲು ಗಂಟೆ ಕಾದೆ, ಬಸ್ಸೇ ಇಲ್ಲ. ಕೊನೆಗೆ ನ್ಯೂಆರ್ಕ್ ಸ್ಟೇಷನ್‌ವರೆಗೆ ಟ್ಯಾಕ್ಸಿ. ಆ ದುಡ್ಡಿನಲ್ಲಿ ಲ್ಯಾಕ್ಸ್‌ಟನ್‌ನ ದಂಡ ಎಷ್ಟು ಸಲ ಕಟ್ಟಬಹುದಿತ್ತೋ ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ.