ಪಾಠದ ನಡುವೆ ಒಂದು ಖಾಲಿ ಚೌಕ

ಇವತ್ತು ಸಂಜೆಯೆಲ್ಲ ಒಂದು ಬೂದು ಬಣ್ಣದ ಖಾಲಿ ಚೌಕ ನೋಡುತ್ತಾ ಕೂತಿದ್ದೆ. ಆನ್‌ಲೈನ್ ಕೋರ್ಸ್‌ನ ಮೂರನೇ ಪಾಠದಲ್ಲಿ ಹೊರಗಿನ ಒಂದು ಸೈಟನ್ನು ಐಫ್ರೇಮ್ (ಒಂದು ಪುಟದೊಳಗೆ ಇನ್ನೊಂದು ಪುಟ ತೋರಿಸೋ ಚೌಕ) ಹಾಕಿ ಕೂರಿಸಿದ್ದೆ, ಓದುವವರು ಪುಟ ಬಿಟ್ಟು ಹೋಗದೆ ಅಲ್ಲೇ ನೋಡಲಿ ಅಂತ. ಬರಲೇ ಇಲ್ಲ. ಕೋಡ್ ನಾಲ್ಕು ಸಲ ತಿದ್ದಿದೆ. ಕೊನೆಗೆ ನೋಡಿದರೆ ಆ ಸೈಟೇ ಪುಟದ ಜೊತೆ ಬ್ರೌಸರ್‌ಗೆ ಹೋಗೋ ಸೂಚನೆಗಳಲ್ಲಿ, ಎಕ್ಸ್-ಫ್ರೇಮ್-ಆಪ್ಷನ್ಸ್ ಅನ್ನೋ ಹೆಡರ್‌ನಲ್ಲಿ 'ಡಿನೈ' ಅಂತ ಕಳಿಸುತ್ತಿದೆ, ಅಂದ್ರೆ ನನ್ನನ್ನು ಯಾವ ಪುಟದ ಚೌಕದೊಳಗೂ ತೋರಿಸಬೇಡ ಅಂತ ಬ್ರೌಸರ್‌ಗೆ ಹೇಳಿಬಿಟ್ಟಿದೆ.

ಮೊದಲು ಸಿಟ್ಟು ಬಂತು. ಕಾರಣ ಓದಿದ ಮೇಲೆ ಒಪ್ಪಿಕೊಂಡೆ. ಯಾರೋ ಬ್ಯಾಂಕಿನ ಪುಟವನ್ನು ಕಣ್ಣಿಗೆ ಕಾಣದ ಹಾಗೆ ತಮ್ಮ ಪುಟದ ಮೇಲೆ ಹಾಸಿ, ನಾವು ಇನ್ನೇನೋ ಒತ್ತುತ್ತಿದ್ದೇವೆ ಅಂದುಕೊಂಡಾಗ ಹಣ ಕಳಿಸೋ ಬಟನ್ ಒತ್ತಿಸಿಬಿಡಬಹುದು. ಕ್ಲಿಕ್‌ಜಾಕಿಂಗ್ ಅಂತಾರೆ ಇದಕ್ಕೆ. ಹಾಗಿದ್ದ ಮೇಲೆ ಆ ಬೀಗ ಬೇಕೇ ಬೇಕು, ಅಲ್ವಾ?

ಯೂಟ್ಯೂಬ್‌ನದ್ದೂ ಅಷ್ಟೇ, ಸುಮ್ನೆ ವಾಚ್ ಲಿಂಕ್ ಹಾಕಿದರೆ ಬರಲ್ಲ, ಬೇರೆ ಪುಟದೊಳಗೆ ಕೂರಿಸೋಕೆ ಅಂತಲೇ ಇರೋ ಎಂಬೆಡ್ ಲಿಂಕೇ ಬೇಕು. ಲಾಗಿನ್ ಕೇಳುವ ಸೈಟ್‌ಗಳದ್ದು ಇನ್ನೂ ಜಾಸ್ತಿ ತಲೆನೋವು: ಬ್ರೌಸರ್ ಥರ್ಡ್ ಪಾರ್ಟಿ ಕುಕೀ (ನಾವು ತೆರೆದ ಸೈಟ್ ಬಿಟ್ಟು ಬೇರೆ ಸೈಟ್ ಬ್ರೌಸರ್‌ನಲ್ಲಿ ಇಡೋ ಗುರುತು) ತಡೆದರೆ ಚೌಕದೊಳಗೆ ಲಾಗಿನ್ ಸಾಮಾನ್ಯವಾಗಿ ಉಳಿಯೋದೇ ಇಲ್ಲ. ವಿಜ್ಞಾನ, ಗಣಿತವನ್ನು ತೆರೆಯ ಮೇಲೆ ಮಾಡಿ ನೋಡಿ ಕಲಿಯೋ ಫೆಟ್ ಸಿಮ್ಯುಲೇಶನ್‌ಗಳು ಮಾತ್ರ ಸಲೀಸಾಗಿ ಕೂರುತ್ತವೆ, ಅವರೇ ಎಂಬೆಡ್ ಕೋಡ್ ಕೊಡುತ್ತಾರೆ.

ಕಡೆಗೆ ಐಫ್ರೇಮ್ ತೆಗೆದು, ಹೊಸ ಟ್ಯಾಬ್‌ನಲ್ಲಿ ತೆರೆಯುವ ಲಿಂಕ್ ಹಾಕಿದೆ. ಅದರ ಮೇಲೆ ಅಲ್ಲಿ ಏನನ್ನು ಗಮನಿಸಬೇಕು, ನೋಡಿ ಬಂದ ಮೇಲೆ ಯಾವ ಪ್ರಶ್ನೆಗೆ ಉತ್ತರ ಬರೆಯಬೇಕು ಅಂತ ಎರಡು ಸಾಲು ಬರೆದೆ. ಇಷ್ಟು ದಿನ ಚೌಕ ಕೂರಿಸಿದ ಯಾವ ಪಾಠದಲ್ಲೂ ನಾನು ಆ ಎರಡು ಸಾಲು ಬರೆದಿರಲಿಲ್ಲ. ನಾಳೆ ಹಳೇ ಪಾಠಗಳನ್ನೂ ತೆರೆದು ಕೂರಬೇಕು.