ಆಕ್ಸಿಜನ್ ಪೀಣ್ಯ 2

ಮೊನ್ನೆ ಫೋನ್ ಬದಲಾಯಿಸಿದೆ. ಹಳೆಯ ಕಾಂಟ್ಯಾಕ್ಟ್ಸ್ ಎಲ್ಲ ಹೊಸದಕ್ಕೆ ಬಂದವು. ಸುಮ್ನೆ ನೋಡುತ್ತಾ ಹೋದರೆ 'ಆಕ್ಸಿಜನ್ ಪೀಣ್ಯ 1', 'ಆಕ್ಸಿಜನ್ ಪೀಣ್ಯ 2', 'ಪ್ಲಾಸ್ಮಾ ಜಯನಗರ ಅಣ್ಣ'. ಕೈ ಅಲ್ಲೇ ನಿಂತಿತು.

2021ರ ಏಪ್ರಿಲ್ ಕೊನೆ, ಕೋವಿಡ್‌ನ ಎರಡನೇ ಅಲೆ. ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ಬೆಂಗಳೂರಿನ ಪಿಜಿ ಬಿಟ್ಟು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದಿದ್ದೆ. ಮನೆಯೊಳಗೆ ನೆಟ್‌ವರ್ಕ್ ಇಲ್ಲ, ತೋಟದ ಮೇಲಿನ ದರೆ ಹತ್ತಿದರೆ ಎರಡು ಕಡ್ಡಿ ಸಿಗ್ನಲ್. ಆನ್‌ಲೈನ್ ಕ್ಲಾಸಿಗೆ ಅಂತ ಅಪ್ಪಯ್ಯ ಅಲ್ಲೇ ಸೋಗೆಯ ಚಪ್ಪರ ಹಾಕಿಕೊಟ್ಟಿದ್ದ.

ಮೊದಲ ಲಾಕ್‌ಡೌನ್‌ನಲ್ಲಿ ಇನ್‌ಸ್ಟಾಗ್ರಾಂ ಅಂದ್ರೆ ಡಾಲ್ಗೋನಾ ಕಾಫಿ. ಅದರ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಎಲ್ಲರೂ ಕಲಕಿದ್ದೇವೆ. ಎರಡನೇ ಅಲೆಯಲ್ಲಿ ಅದೇ ಸ್ಟೋರಿಗಳ ತುಂಬಾ ಬೆಡ್, ಆಕ್ಸಿಜನ್, ರೆಮ್‌ಡೆಸಿವಿರ್ ಇಂಜೆಕ್ಷನ್. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಕೇಸ್ ಬಂದವು, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬೆಂಗಳೂರಿನವೇ. ಹೀಗೆ ಸಹಾಯ ಕೇಳಿ ಪೋಸ್ಟ್ ಹಾಕಿದವರ ಬಾಯಿ ಮುಚ್ಚಿಸಬೇಡಿ ಅಂತ ಏಪ್ರಿಲ್ 30ಕ್ಕೆ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ನಮ್ಮ ಕ್ಲಾಸಿನ ಆರು ಜನ ಸೇರಿ ಲೀಡ್ ವೆರಿಫೈ ಮಾಡುತ್ತಿದ್ದೆವು. ಅಂದ್ರೆ ಎಲ್ಲಿಂದಲೋ ಫಾರ್ವರ್ಡ್ ಆಗಿ ಬಂದ ನಂಬರುಗಳಿಗೆ ಒಂದೊಂದಾಗಿ ಫೋನ್ ಮಾಡುವುದು, ಎತ್ತಿದರೆ ಸ್ಟಾಕ್ ಇದೆಯಾ ಕೇಳುವುದು, ಇದ್ದರೆ 'ವೆರಿಫೈಡ್, ಸಂಜೆ 4.20' ಅಂತ ಬರೆದು ಸ್ಟೋರಿ ಹಾಕುವುದು. ಸ್ಟೋರಿ 24 ಗಂಟೆ ಇರುತ್ತೆ, ಸಿಲಿಂಡರ್ ಅರ್ಧ ಗಂಟೆಯೂ ಇರುತ್ತಿರಲಿಲ್ಲ.

ಒಂದು ರಾತ್ರಿ ಮೆಸೇಜ್ ಬಂತು. ವಯಸ್ಸು 54, ಆಕ್ಸಿಜನ್ ಲೆವೆಲ್ 78, ಬೆಡ್‌ಗೆ ಬೇಕಾದ ಬಿಯು ನಂಬರ್ (ಬೆಂಗಳೂರಿನ ಕೋವಿಡ್ ರೋಗಿಗಳಿಗೆ ಕೊಡುತ್ತಿದ್ದ ಐಡಿ) ಇನ್ನೂ ಬಂದಿಲ್ಲ, ರೋಗಿಯ ಜೊತೆಗಿರುವುದು ಮಗ. ಹುಡುಗ ಸೆಕೆಂಡ್ ಪಿಯು. ಟಾರ್ಚ್ ಹಿಡಿದು ದರೆ ಹತ್ತಿದೆ. ಹತ್ತೊಂಬತ್ತು ನಂಬರ್ ಆಯ್ತು, ಕೆಲವು ಸ್ವಿಚ್ ಆಫ್, ಕೆಲವು ಬ್ಯುಸಿ, ಒಬ್ಬರಂತೂ ಎತ್ತಿ ಏನೂ ಮಾತಾಡದೆ ಅತ್ತುಬಿಟ್ಟರು. ಇಪ್ಪತ್ತನೆಯದು ಪೀಣ್ಯ 2.

"ಒಂದೇ ರೀಫಿಲ್ ಆಗತ್ತಮ್ಮಾ, ಅರ್ಧ ಗಂಟೇಲಿ ಬರೋಕೆ ಹೇಳಿ. ಖಾಲಿ ಸಿಲಿಂಡರ್ ಮಾತ್ರ ನೀವೇ ತರ್ಬೇಕು."

ಖಾಲಿ ಸಿಲಿಂಡರ್ ಎಲ್ಲಿಂದ ತರೋದು? ಮತ್ತೆ ಹುಡುಕಾಟ. ಯಶವಂತಪುರದಲ್ಲಿ ಯಾರ ಹತ್ತಿರವೋ ಒಂದು ಸಿಕ್ಕಿತು. ಹುಡುಗನಿಗೆ ಕಾಲ್ ಮಾಡಿದೆ, ಎತ್ತಲಿಲ್ಲ. ಹತ್ತು ನಿಮಿಷ ಬಿಟ್ಟು ಮೆಸೇಜ್: 'ಬೇಡ ಅಕ್ಕ, ಥ್ಯಾಂಕ್ಸ್.'

ಬೆಡ್ ಸಿಕ್ಕಿತಾ, ಇನ್ನೇನಾದರೂ ಆಯಿತಾ? ಕೇಳೋಕೆ ಧೈರ್ಯ ಬರಲಿಲ್ಲ. ಬೆರಳು ತಾನಾಗೇ ಮುಂದಿನ ಸ್ಟೋರಿಗೆ ಹೋಯಿತು. ಅಲ್ಲಿ ಯಾರೋ ಬಾಳೆಹಣ್ಣಿನ ಕೇಕ್ ಮಾಡಿದ್ದರು. ಕೇಕ್ ಮಾಡಿದವರ ಮೇಲೆ ನನಗೇಕೆ ಅಷ್ಟು ಸಿಟ್ಟು ಬಂತೋ, ಪಾಪ, ಅವರೇನು ಮಾಡಿದ್ದರು.

"ಇಡೀ ದಿನ ಮೊಬೈಲ್ ಒಳಗೇ ಇರ್ತೀಯಲ್ಲೇ" ಅಂತ ಅಮ್ಮ ಬೈಯುತ್ತಿದ್ದಳು. ಫೋನ್ ಕೂಡ ವಾರಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತಿತ್ತು, ದಿನಕ್ಕೆ 11 ಗಂಟೆ ಅಂತ. ಮೊಬೈಲ್ ಬಿಡಲಾಗದವರಿಗೆ ಅಂತಲೇ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಅನ್ನುವ ಕ್ಲಿನಿಕ್ ಇದೆ, ಅಲ್ಲಿಗೆ ಹೋಗಬೇಕಾದವರು ಹೋಗಲೇಬೇಕು, ನಾನು ಆ ಮಾತನ್ನು ತೆಗೆದುಹಾಕುತ್ತಿಲ್ಲ. ಆದರೆ ಆ 11 ಗಂಟೆಯಲ್ಲಿ ಎಷ್ಟು ಹೊತ್ತು ರೀಲ್ಸ್, ಎಷ್ಟು ಹೊತ್ತು ಯಾರದೋ ಅಪ್ಪನ ಉಸಿರು ಅಂತ ಯಾರು ಕೇಳಿದರು? ಊಟ ಸೇರುತ್ತಿರಲಿಲ್ಲ, ಮಲಗಿದರೆ ಕಿವಿಯಲ್ಲಿ ರಿಂಗ್ ಆದಂತೆ ಅನ್ನಿಸುತ್ತಿತ್ತು. ಫೋನ್ ಬದಿಗಿಟ್ಟ ದಿನ ಇನ್ನೂ ಕಷ್ಟ, ನಾನು ಎತ್ತದ ಕರೆಯಲ್ಲಿ ಯಾರಿದ್ದರೋ ಅನ್ನುವ ಚಿಂತೆ. ಆ ಆರು ಜನರೇ ರಾತ್ರಿ ಎರಡಕ್ಕೆ ಗ್ರೂಪ್ ಕಾಲ್‌ನಲ್ಲಿ ಏನೂ ಮಾತಾಡದೆ ಕೂತಿರುತ್ತಿದ್ದೆವು. ಒಬ್ಬಳ ಮನೆಯ ಫ್ಯಾನ್ ಸದ್ದು, ನಮ್ಮ ತೋಟದ ಜೀರುಂಡೆ. ನನಗೆ ನಿದ್ದೆ ಬರುತ್ತಿದ್ದದ್ದು ಅದನ್ನು ಕೇಳುತ್ತಲೇ. ಅದೂ ಸ್ಕ್ರೀನ್ ಟೈಮೇ ಅಲ್ವಾ?

ಪೀಣ್ಯ 2ರ ವಾಟ್ಸಾಪ್ ಡಿಪಿಯಲ್ಲಿ ಈಗ ಪುಟ್ಟ ಮಗುವೊಂದು ಬೈಕಿನ ಟ್ಯಾಂಕ್ ಮೇಲೆ ಕೂತಿದೆ. ಆ ಹುಡುಗನ ನಂಬರ್ ಮಾತ್ರ ನಾನು ಸೇವ್ ಮಾಡಿಕೊಂಡಿರಲಿಲ್ಲ.