ಪೆರ್ಲದಿಂದ ಪಾಲ್ಪಾಕ್ಕೆ: ತೋಟದ ಕೆಲಸಕ್ಕೆ ನೇಪಾಳಕ್ಕೆ ಹೊರಡುವವರಿಗೆ

"ಇಲ್ಲಿ ಕೇಳಿದಷ್ಟು ಸಂಬಳ ಕೊಟ್ಟರೂ ಕೆಲಸಕ್ಕೆ ಜನ ಇಲ್ಲ. ನೀನು ಟಿಕೆಟಿಗೆ ದುಡ್ಡು ಹಾಕಿ ಅಲ್ಲಿ ಹೋಗಿ ಗೊಬ್ಬರ ಹೊರ್ತಿಯಾ?" ದೊಡ್ಡಪ್ಪ ಕೇಳಿದ ಈ ಪ್ರಶ್ನೆ ನ್ಯಾಯವಾದದ್ದೇ. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವರಿಗೆ ಇನ್ನೊಬ್ಬರ ತೋಟದಲ್ಲಿ ಸಂಬಳವಿಲ್ಲದೆ ದುಡಿಯುವುದು ಹುಚ್ಚಾಟದಂತೆ ಕಾಣುತ್ತದೆ. ಆದರೆ ಕಡಿಮೆ ಖರ್ಚಿನಲ್ಲಿ ಪರದೇಶದ ಒಂದು ಹಳ್ಳಿಯನ್ನು ಒಳಗಿನಿಂದ ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಗೊತ್ತಿಲ್ಲ.

ಈ ಪದ್ಧತಿಗೆ ವೂಫ್ (WWOOF) ಎಂದು ಹೆಸರು. 1971ರಲ್ಲಿ ಲಂಡನ್ನಿನಲ್ಲಿ ಸೆಕ್ರೆಟರಿಯಾಗಿದ್ದ ಸೂ ಕೊಪ್ಪಾರ್ಡ್ ಎಂಬವರು ವಾರಾಂತ್ಯದಲ್ಲಿ ಸಾವಯವ ತೋಟದ ಕೆಲಸ ಮಾಡಲು ನಾಲ್ಕು ಜನರನ್ನು ಕೂಡಿಸಿದ್ದರಿಂದ ಶುರುವಾದದ್ದು. ಈಗ ಹಲವು ದೇಶಗಳಲ್ಲಿದೆ. ಆಯಾ ದೇಶದ ವೂಫ್ ಸದಸ್ಯತ್ವ ಮಾಡಿಕೊಂಡರೆ ತೋಟಗಳ ಪಟ್ಟಿ ಸಿಗುತ್ತದೆ. ದಿನಕ್ಕೆ ನಾಲ್ಕರಿಂದ ಆರು ಗಂಟೆ ಕೆಲಸ, ಬದಲಿಗೆ ಊಟ ಮತ್ತು ಮಲಗಲು ಜಾಗ. ದುಡ್ಡಿನ ಲೆಕ್ಕ ಇಲ್ಲ.

ಕೇಳಲು ಚಂದ. ಆದರೆ ನಮ್ಮ ಪಾಸ್‌ಪೋರ್ಟಿಗೆ ತೊಡಕು ವೀಸಾದಲ್ಲಿದೆ. ಊಟ ಮತ್ತು ಹಾಸಿಗೆಯನ್ನೇ ಸಂಬಳ ಎಂದು ಲೆಕ್ಕ ಹಾಕುವ ದೇಶಗಳಿವೆ. ನ್ಯೂಜಿಲೆಂಡ್ ಅಂಥದ್ದೇ, ಅಲ್ಲಿ ಪ್ರವಾಸಿ ವೀಸಾದಲ್ಲಿ ಹೋಗಿ ಕಳೆ ಕಿತ್ತರೂ ಅದು ಉದ್ಯೋಗ. ಬ್ರಿಟನ್ನಿನಲ್ಲಿ ಪ್ರವಾಸಿಯಾಗಿ ಹೋದವರು ನೋಂದಾಯಿತ ಧರ್ಮಾರ್ಥ ಸಂಸ್ಥೆಗೆ ಮಾತ್ರ, ಅದೂ ಮೂವತ್ತು ದಿನ ಮೀರದಂತೆ ಸೇವೆ ಮಾಡಬಹುದು. ಆಸ್ಟ್ರೇಲಿಯಾ 2024ರಿಂದ ಭಾರತದವರಿಗೆ ವರ್ಷಕ್ಕೆ 1,000 ವರ್ಕ್ ಆಂಡ್ ಹಾಲಿಡೇ ವೀಸಾ ಇಟ್ಟಿದೆ. ವಯಸ್ಸು 18ರಿಂದ 30, ಆಯ್ಕೆ ಚೀಟಿ ಎತ್ತಿ. ಅದೃಷ್ಟ ಇದ್ದವರು ನೋಡಿಕೊಳ್ಳಲಿ. "ಏರ್‌ಪೋರ್ಟಿನಲ್ಲಿ ಸುಮ್ನೆ ಟೂರಿಸ್ಟ್ ಅನ್ನಿ, ಏನೂ ಆಗೋದಿಲ್ಲ" ಎನ್ನುವವರ ಮಾತು ಮಾತ್ರ ಕೇಳಬೇಡಿ.

ಹಾಗಾಗಿ ಮೊದಲ ಸಲಕ್ಕೆ ನೇಪಾಳ ಎನ್ನುತ್ತೇನೆ. "ಅದೂ ಒಂದು ಫಾರಿನ್ನಾ?" ಅನ್ನಬೇಡಿ. ಭಾರತೀಯರಿಗೆ ಅಲ್ಲಿ ವೀಸಾವೇ ಬೇಡ. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಇರಲಿ, ಬರೀ ಆಧಾರ್ ನಂಬಿ ಹೊರಡಬೇಡಿ. ರಸ್ತೆಯಲ್ಲಿ ಹೋಗುವವರೂ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಪೆರ್ಲ ಇರುವ ನಮ್ಮ ಕಾಸರಗೋಡು ಕಡೆಯಿಂದ ರೈಲು ದಾರಿ ಉದ್ದ, ಆದರೆ ಸುಲಭ. ಕಾಸರಗೋಡಿನಿಂದ ಪಾಲಕ್ಕಾಡಿಗೆ ಹೋಗಿ, ತಿರುವನಂತಪುರ ಕಡೆಯಿಂದ ಬರುವ ರಪ್ತಿಸಾಗರ್ ರೈಲು ಹತ್ತಿದರೆ ನೇರ ಗೋರಖ್‌ಪುರ. ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ ಗಡಿ. ನಡೆದೇ ದಾಟಬಹುದು. ಆಚೆ ಭೈರಹವಾ, ಬುಟ್ವಲ್, ಆಮೇಲೆ ಸಿದ್ಧಾರ್ಥ ಹೆದ್ದಾರಿಯಲ್ಲಿ ಬೆಟ್ಟ ಹತ್ತಿದರೆ ಪಾಲ್ಪಾ ಜಿಲ್ಲೆಯ ತಾನ್ಸೇನ್. ಈ ಬೆಟ್ಟದ ರಸ್ತೆಯಲ್ಲಿ ವಾಂತಿ ಬರುವವರು ಮಾತ್ರೆ ನುಂಗಿಯೇ ಹತ್ತಿ. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದುಂಟು, ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟುಬಿಡಿ. ನಮಗೂ ಆಗ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ, ಅಲ್ವಾ? ಮದ್ದು ಮುಗಿಸಿ, ಕೊಯ್ಲು ಶುರುವಾಗುವ ಮೊದಲು ಸಿಗುವ ಬಿಡುವೇ ಸರಿ.

ತೋಟ ಆರಿಸುವಾಗ ಫೋಟೊ ನೋಡಿ ಮರುಳಾಗಬೇಡಿ. ಹಿಮದ ಶಿಖರ ಎಲ್ಲರ ಫೋಟೊದಲ್ಲೂ ಇರುತ್ತದೆ. ನೀರು ಎಲ್ಲಿಂದ ಬರುತ್ತದೆ, ಯಾರು ಹೊರಬೇಕು? ನಾವು ಬರುವ ತಿಂಗಳಲ್ಲಿ ಯಾವ ಕೆಲಸ ಇದೆ? ವಾರಕ್ಕೆ ರಜೆ ಇದೆಯೇ? ರಸ್ತೆ ಮುಗಿದ ಮೇಲೆ ಎಷ್ಟು ನಡೆಯಬೇಕು? ಇಷ್ಟನ್ನು ಬರೆದು ಕೇಳಿ. ಊಟಕ್ಕೆಂದು ದಿನಕ್ಕೆ ಇಂತಿಷ್ಟು ಕೊಡಬೇಕೇ ಎಂಬುದನ್ನೂ ಮೊದಲೇ ಕೇಳಿ. ಬಡ ಕುಟುಂಬ ಸ್ವಲ್ಪ ದುಡ್ಡು ಕೇಳಿದರೆ ತಪ್ಪೇನಿಲ್ಲ, ಹೋದ ಮೇಲೆ ಹೇಳಿದರೆ ಮನಸ್ಸು ಕೆಡುತ್ತದೆ. "ಏನು ಕೆಲಸ ಬೇಕಾದರೂ ಮಾಡಬಹುದು" ಎಂದು ಉತ್ತರ ಬಂದರೆ ಅದು ತೋಟವಲ್ಲ, ಹೋಮ್‌ಸ್ಟೇ ಎಂದು ನನ್ನ ಲೆಕ್ಕ.

ಪಾಲ್ಪಾ ಮತ್ತು ಪಕ್ಕದ ಗುಲ್ಮಿ ಕಾಫಿಯ ಸೀಮೆ. ನೇಪಾಳದ ಮೊದಲ ಕಾಫಿ 1938ರಲ್ಲಿ ಗುಲ್ಮಿಯ ಆಪ್‌ಚೌರ್‌ನಲ್ಲಿ ನೆಟ್ಟದ್ದು. ಹೀರಾ ಗಿರಿ ಎಂಬ ಸಾಧು ಬರ್ಮಾದಿಂದ ಬೀಜ ತಂದರಂತೆ. ಮೆಟ್ಟಿಲು ಗದ್ದೆಗಳಲ್ಲಿ ರಾಗಿ, ಮೆಕ್ಕೆಜೋಳ, ಅಂಚಿನಲ್ಲಿ ಕಾಫಿ, ಹಿತ್ತಲಲ್ಲಿ ಎಮ್ಮೆ. ಊರಲ್ಲಿ ಹುಡುಗರು ಕಮ್ಮಿ. ನಮ್ಮಲ್ಲಿಯ ಹಾಗೆಯೇ, ಎಲ್ಲರೂ ಗಲ್ಫಿನಲ್ಲಿ. ನಾನಿದ್ದ ಮನೆಯ ದೀದಿಯ ಮಗ ದೋಹಾದಲ್ಲಿ. ನನ್ನೂರಿಗೆ ಹತ್ತಿರದ ಏರ್‌ಪೋರ್ಟಿನಿಂದಲೂ ಪರದೇಶಕ್ಕೆ ಹೋಗುವುದು ಹೆಚ್ಚಾಗಿ ಗಲ್ಫ್ ವಿಮಾನವೇ ಎಂದಾಗ ಅವರು ನಕ್ಕುಬಿಟ್ಟರು.

ಕೆಲಸದಲ್ಲಿ ಕಷ್ಟದ್ದು ಹೊರುವುದು. ಅಲ್ಲಿ ತಲೆಹೊರೆ ಇಲ್ಲ. ಬಿದಿರಿನ ಬುಟ್ಟಿ ಡೋಕೊ ಬೆನ್ನಿಗೆ, ಅದನ್ನು ಹಿಡಿದೆಳೆಯುವ ಪಟ್ಟಿ ನಾಮ್ಲೊ ತಲೆಗೆ. ಹೊಸಬರು ಪಟ್ಟಿಯನ್ನು ಹಣೆಗೆ ಕಟ್ಟಿಕೊಳ್ಳುತ್ತಾರೆ, ಹತ್ತು ಹೆಜ್ಜೆಗೆ ಕುತ್ತಿಗೆ ಹಿಡಿಯುತ್ತದೆ. ದೀದಿ ಬಂದು ಅದನ್ನು ನೆತ್ತಿಯ ಕಡೆಗೆ, ಕೂದಲು ಶುರುವಾಗುವಲ್ಲಿಂದ ಎರಡು ಬೆರಳು ಹಿಂದಕ್ಕೆ ಸರಿಸಿದರು. ಭಾರ ನೇರ ಬೆನ್ನೆಲುಬಿಗೆ ಇಳಿಯಿತು. ಪಟ್ಟಿಯ ಕೆಳಗೆ ನಮ್ಮ ಬೈರಾಸು, ಅಂದರೆ ಟವೆಲ್, ಮಡಚಿಟ್ಟರೆ ಇನ್ನೂ ಒಳ್ಳೆಯದು. ಅರ್ಧ ಡೋಕೊದಿಂದ ಶುರು ಮಾಡಿ, ಮರ್ಯಾದೆ ಪ್ರಶ್ನೆ ಏನಿಲ್ಲ.

ನನಗೆ ತುಂಬಾ ಹಿಡಿಸಿದ್ದು ಝೋಲ್‌ಮೋಲ್ ಎಂಬ ದ್ರವ ಗೊಬ್ಬರ. ಗೋಮೂತ್ರ, ನೀರು, ಸೂಕ್ಷ್ಮಜೀವಿಗಳ ಹೆಪ್ಪು ಸೇರಿಸಿ ಡ್ರಮ್ಮಿನಲ್ಲಿ ಕೊಳೆಸುತ್ತಾರೆ. ಕೀಟಕ್ಕಾದರೆ ಅದಕ್ಕೆ ತಿತೆಪಾತಿ ಎಂಬ ಕಹಿ ಎಲೆ, ಅಸುರೊ, ಬೆಳ್ಳುಳ್ಳಿ, ಮೆಣಸು. ಅಸುರೊ ಎಂದರೆ ಯಾವುದೋ ಹಿಮಾಲಯದ ಮೂಲಿಕೆ ಅಂದುಕೊಂಡರೆ, ನಮ್ಮ ಬೇಲಿಯ ಆಡುಸೋಗೆ! ಎಲೆಯನ್ನು ನಮ್ಮಲ್ಲಿ ಕೆಮ್ಮಿನ ಕಷಾಯಕ್ಕೆ ಹಾಕುತ್ತೇವೆ, ಅವರು ತರಕಾರಿಯ ಹುಳಕ್ಕೆ ಹಾಕುತ್ತಾರೆ. ವಾಸನೆ ಮಾತ್ರ ಅಂಗಿಯಿಂದ ಎರಡು ಒಗೆತಕ್ಕೂ ಹೋಗುವುದಿಲ್ಲ, ಒಂದು ಜೊತೆ ಹಳೇ ಬಟ್ಟೆ ಅಲ್ಲೇ ಬಿಟ್ಟು ಬರಲೆಂದೇ ಒಯ್ಯಿರಿ. ಸಾವಯವದ ಹುಚ್ಚು ನಿನಗ್ಯಾಕೆ ಎಂದು ಅವರು ಕೇಳಿದಾಗ ನಮ್ಮ ಪೆರ್ಲ ಇರುವ ಎಣ್ಮಕಜೆ ಪಂಚಾಯತಿನ ಕಥೆ ಹೇಳಿದೆ: 2000ದವರೆಗೆ ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ, ಇವತ್ತಿಗೂ ಹಾಸಿಗೆ ಬಿಟ್ಟು ಏಳದ ಮಕ್ಕಳು. ಆಮೇಲೆ ಆ ಪ್ರಶ್ನೆ ಬರಲಿಲ್ಲ.

ಊಟದ ಹೊತ್ತು ಗೊತ್ತಿರಲಿ. ಬೆಳಿಗ್ಗೆ ಬರೀ ಚಿಯಾ, ಅಂದರೆ ಚಹಾ, ಕುಡಿದು ಕೆಲಸಕ್ಕೆ ಇಳಿಯುತ್ತಾರೆ. ದಾಲ್ ಭಾತ್ ಒಂಬತ್ತು ಹತ್ತರ ಹೊತ್ತಿಗೆ, ಮತ್ತೆ ರಾತ್ರಿ. ನಡುವೆ ಖಾಜಾ, ಹುರಿದ ಜೋಳವೋ ಅವಲಕ್ಕಿಯೋ. ಏಳೂವರೆಗೆ ನೀರುದೋಸೆ ತಿಂದು ಅಭ್ಯಾಸ ಇದ್ದವರು ಒಂದಿಷ್ಟು ನೆಲಕಡಲೆ ಚೀಲದಲ್ಲಿ ಇಟ್ಟುಕೊಳ್ಳಿ. ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ, ಆದರೆ ದಶೈಂ ಹಬ್ಬದಲ್ಲಿ, ಅಂದರೆ ನಮ್ಮ ನವರಾತ್ರಿಯಲ್ಲಿ, ಅಂಗಳದಲ್ಲೇ ಆಡು ಕಡಿಯುವುದುಂಟು. ನೋಡಲಾಗದವರು ಹಬ್ಬ ಕಳೆದು ಹೋಗಿ. ಎಂಜಲಿನ ಕಟ್ಟುನಿಟ್ಟು ನಮ್ಮ ಅಜ್ಜಿಯರ ಕಾಲದಷ್ಟೇ ಇದೆ. ಕರೆಯದೆ ಒಲೆಯ ಹತ್ತಿರ ಹೋಗಬೇಡಿ.

ಭಾರತದ 100 ರೂಪಾಯಿ ಅಲ್ಲಿಯ 160ಕ್ಕೆ ಸಮ, 1993ರಿಂದ ಇದೇ ದರ. ನೂರರ ನೋಟುಗಳನ್ನೇ ಒಯ್ಯಿರಿ, ದೊಡ್ಡ ನೋಟಿನ ಉಸಾಬರಿ ಬೇಡ. 2024ರಿಂದ ಫೋನ್‌ಪೇ (Fonepay, ನಮ್ಮ PhonePe ಅಲ್ಲ) ಎಂಬ ಅಲ್ಲಿಯ ಕಂಪನಿಯ ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತದೆ. ಆದರೆ ಹಳ್ಳಿಯಲ್ಲಿ ನಗದೇ ಗತಿ. ಗಡಿ ದಾಟಿದ ಕೂಡಲೇ ಎನ್‌ಸೆಲ್ ಅಥವಾ ನೇಪಾಳ ಟೆಲಿಕಾಂ ಸಿಮ್ ತಗೊಳ್ಳಿ. ಹಿಂದಿ ಹೆಚ್ಚುಕಮ್ಮಿ ಎಲ್ಲರಿಗೂ ಅರ್ಥವಾಗುತ್ತದೆ, ನಮ್ಮ ಶಾಲೆಯ ಹಿಂದಿ ಸಾಕು.

ವಾಪಸ್ ಟಿಕೆಟ್ ಮಾತ್ರ ಹೋಗುವ ಮೊದಲೇ ಮಾಡಿ. ದೀಪಾವಳಿ, ಛಠ್ ಮುಗಿದ ಮೇಲೆ ಉತ್ತರ ಪ್ರದೇಶ, ಬಿಹಾರದ ಕೆಲಸಗಾರರೆಲ್ಲ ಒಟ್ಟಿಗೆ ದಕ್ಷಿಣಕ್ಕೆ ಹೊರಡುತ್ತಾರೆ. ಗೋರಖ್‌ಪುರದಲ್ಲಿ ಸ್ಲೀಪರ್ ಬೋಗಿಯ ಬಾಗಿಲಿಗೆ ಮುಟ್ಟುವುದೂ ಕಷ್ಟ. ಈಗ ಬುಕಿಂಗ್ 60 ದಿನ ಮೊದಲು ಶುರುವಾಗುತ್ತದೆ, ಆ ಬೆಳಿಗ್ಗೆಯೇ ಕೂತು ಮಾಡಿಬಿಡಿ.